ಹಾಸಿಗೆ ಅಂಗಡಿಯ ಉಸಿರು

ನನ್ನ ಕನ್ನಡಕದ ಅಂಗಡಿಗೂ ಪಕ್ಕದ ಹಾಸಿಗೆ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ, ಅದೂ ತೆಳು ಇಟ್ಟಿಗೆಯದು. ಆ ಕಡೆ ಯಾರಾದರೂ ಕತ್ತರಿ ಕೆಳಗಿಟ್ಟರೆ ಈ ಕಡೆ ನನಗೆ ತಿಳಿಯುತ್ತದೆ. ಅಲ್ಲಿನ ಅಣ್ಣತಮ್ಮಂದಿರ ಜಗಳ, ರಾಜಿ, ಹತ್ತಿ ಹಿಂಜುವ ಯಂತ್ರದ ಗುರುಗುಟ್ಟುವಿಕೆ, ಮಧ್ಯಾಹ್ನದ ಆಕಳಿಕೆ, ಇವನ್ನೆಲ್ಲ ಕೇಳುತ್ತಲೇ ನನ್ನ ತಲೆ ನರೆತದ್ದು.

ಬೀದಿಯವರ ಬಾಯಲ್ಲಿ ಅಣ್ಣ ದೊಡ್ಡಣ್ಣ, ತಮ್ಮ ಚಿಕ್ಕಣ್ಣ. ಚಿಕ್ಕಣ್ಣನಿಗೆ ಐವತ್ತು ದಾಟಿ ಮೀಸೆ ಬೆಳ್ಳಗಾದರೂ ಅವನು ಚಿಕ್ಕಣ್ಣನೇ. ಮದುವೆಯಾಗಿರಲಿಲ್ಲ. ಯಾಕಪ್ಪಾ ಎಂದು ಯಾರಾದರೂ ಕೇಳಿದರೆ, "ಹಾಸಿಗೆ ಹೊಲಿಯೋದ್ರಲ್ಲೇ ಸಾಕಾಯ್ತು, ಅದರ ಮೇಲೆ ಮಲಗೋಕೆ ಪುರುಸೊತ್ತೆಲ್ಲಿ" ಎನ್ನುತ್ತಿದ್ದ. ಅಂಗಡಿಯ ಹಿತ್ತಿಲ ಕೋಣೆಯಲ್ಲಿ ಅವನ ವಾಸ, ಊಟ ಅಣ್ಣನ ಮನೆಯದು. ಆ ಮನೆ ಹಿಂದಿನ ಬೀದಿಯಲ್ಲೇ ಇತ್ತು. ದೊಡ್ಡಣ್ಣನ ಹೆಂಡತಿಯನ್ನು ಚಿಕ್ಕಣ್ಣ ಅತ್ತಿಗೆ ಎಂದು ಕರೆದು ಕರೆದು, ನಮಗೆಲ್ಲರಿಗೂ ಅವರು ಅತ್ತಿಗೆಯೇ ಆಗಿಬಿಟ್ಟಿದ್ದರು.

ದೊಡ್ಡಣ್ಣನಿಗೆ ಹುಡುಗನಾಗಿದ್ದಾಗಿನಿಂದಲೂ ಉಬ್ಬಸ. ಹತ್ತಿ ಹಿಂಜುವ ಕೋಣೆಗೆ ತಮ್ಮ ಅವರನ್ನು ಬಿಡುತ್ತಿರಲಿಲ್ಲ. ಹಿಂಜುವುದು ತಮ್ಮನ ಪಾಲು. ಬಟ್ಟೆ ಅಳೆಯುವುದು, ದಬ್ಬಳ ಹಿಡಿದು ಹೊಲಿಯುವುದು ಅಣ್ಣನ ಪಾಲು. ಆದರೂ ಅವರು ಕೂತಲ್ಲಿ ಸುಂಯ್ ಸುಂಯ್ ಎಂದು ಸಣ್ಣ ಸಿಳ್ಳೆ ಕೇಳುತ್ತಿತ್ತು. ಗಿರಾಕಿಗಳು "ನೀರು ಕಾಯ್ತಿದೆ ನೋಡಿ, ಇಳಿಸಿ" ಎಂದು ತಮಾಷೆ ಮಾಡುವರು. ದೊಡ್ಡಣ್ಣ ಅಂಗಿ ಜೇಬಿನಿಂದ ನೀಲಿ ಪಂಪು ತೆಗೆದು, ಬಾಯಿಗಿಟ್ಟು ಒತ್ತಿಕೊಂಡು, ಮತ್ತೆ ಹೊಲಿಯಲು ಕೂರುವರು. ಹೇಗಿದೆ ಆರೋಗ್ಯ ಎಂದರೆ "ನಂಗೇನು ದಾಡಿ" ಎನ್ನುವರು. ವೈದ್ಯರಿಗೂ ಅದೇ ಉತ್ತರ. ವೈದ್ಯರೂ ಅದನ್ನೇ ನಂಬಿ ಮತ್ತೊಂದು ನೀಲಿ ಪಂಪು ಬರೆದುಕೊಟ್ಟು ಕಳಿಸುವರು.

ಒಂದು ಮಧ್ಯಾಹ್ನ ಊಟವಾದ ಮೇಲೆ ಅವರು ಆಗಷ್ಟೇ ಹೊಲಿದು ಮುಗಿಸಿದ ಹಾಸಿಗೆಯ ಮೇಲೆ ಒರಗಿಕೊಂಡರು. ಬೆಳಗಿನಿಂದ ಸಿಳ್ಳೆ ಜೋರಾಗಿತ್ತು. ಚಿಕ್ಕಣ್ಣ ದಿಂಬಿಗೆ ಹತ್ತಿ ತುಂಬುತ್ತಾ ಅದನ್ನು ಕೇಳಿಸಿಕೊಳ್ಳುತ್ತಿದ್ದ. ಸ್ವಲ್ಪ ಹೊತ್ತಿಗೆ ಸಿಳ್ಳೆ ತೆಳುವಾಯಿತು, ಆಮೇಲೆ ನಿಂತಿತು. ಸದ್ಯ, ನಿದ್ದೆ ಹತ್ತಿತು ಎಂದುಕೊಂಡು ಅವನಿಗೆ ಸಮಾಧಾನವೇ ಆಯಿತು. ಅಣ್ಣನ ಮುಖಕ್ಕೆ ಬಿಸಿಲು ಬೀಳದಿರಲೆಂದು ಶಟರು ಅರ್ಧ ಇಳಿಸಿದ. ದಿಂಬು ಕೇಳಿ ಬಂದ ಹೆಂಗಸಿಗೆ "ಸಾಯಂಕಾಲ ಬನ್ನಿ, ಅಣ್ಣ ಮಲಗಿದಾರೆ" ಎಂದು ಪಿಸುದನಿಯಲ್ಲಿ ಹೇಳಿ ಕಳಿಸಿದ. ಆ ಪಿಸುಮಾತು ನನಗೂ ಕೇಳಿಸಿತ್ತು.

ಅತ್ತಿಗೆ ಬಂದು ಎಬ್ಬಿಸಲು ಹೋದಾಗ ಎಲ್ಲ ಮುಗಿದಿತ್ತು.

ಅಂಗಡಿ ಕೆಲವು ವಾರ ಮುಚ್ಚಿತ್ತು. ಆಮೇಲೆ ಚಿಕ್ಕಣ್ಣ ಒಬ್ಬನೇ ಬಂದು ತೆಗೆದ. ಇಬ್ಬರ ಕೆಲಸ ಈಗ ಒಬ್ಬನ ಮೈಮೇಲೆ. ಬೆಳಗೆಲ್ಲ ಹಿಂಜುವ ಯಂತ್ರ ಓಡಿಸುತ್ತಿದ್ದ, ಮಧ್ಯಾಹ್ನ ಹೊಲಿಯುತ್ತಿದ್ದ. ಹುಬ್ಬು, ರೆಪ್ಪೆ, ಕಿವಿಯ ಕೂದಲಿಗೆಲ್ಲ ಹತ್ತಿಯ ನವಿರು ಅಂಟಿಕೊಂಡು, ಬೀದಿಗೆ ಬಂದರೆ ಮಂಜಿನಿಂದ ಎದ್ದು ಬಂದವನ ಹಾಗೆ ಕಾಣುತ್ತಿದ್ದ. ದೊಡ್ಡಣ್ಣ ಕೊನೆಯದಾಗಿ ಮಲಗಿದ ಹಾಸಿಗೆಯನ್ನು ಮಾರಲಿಲ್ಲ. ಒಳಗೋಡೆಗೆ ನಿಲ್ಲಿಸಿಟ್ಟಿದ್ದ.

ಹೀಗಿರಲು ಒಂದು ಸಂಜೆ ನನ್ನ ಅಂಗಡಿಗೆ ಬಂದು ಗಿರಾಕಿಯ ಕುರ್ಚಿಯಲ್ಲಿ ಕೂತ. ಎದುರಿನ ಅಕ್ಷರಗಳ ಹಲಗೆಯನ್ನೇ ನೋಡುತ್ತಾ ಹೇಳಿದ: "ಕನ್ನಡಕದವ್ರೇ, ಅಣ್ಣ ಅಂಗಡೀಲಿ ಇದಾನೆ."

ನಾನು ಒರೆಸುತ್ತಿದ್ದ ಗಾಜನ್ನು ಕೆಳಗಿಟ್ಟೆ.

"ಹುಚ್ಚು ಹಿಡೀತು ಅಂದ್ಕೋಬೇಡಿ. ಸಿಳ್ಳೆ ಕೇಳಿಸುತ್ತೆ. ಹೊತ್ತು ಇಳಿಯೋ ಹೊತ್ತಿಗೆ ಶುರುವಾಗುತ್ತೆ. ಕಿವಿ ಕೊಟ್ಟು ಕೇಳೋಣ ಅಂತ ಉಸಿರು ಬಿಗಿ ಹಿಡಿದ್ರೆ ಸುಮ್ಮನಾಗ್ತಾನೆ. ಮತ್ತೆ ಕೆಲಸಕ್ಕೆ ಕೈ ಹಾಕಿದ್ರೆ ಶುರು. ಅವನು ಮೊದಲಿಂದ್ಲೂ ಹಾಗೇ ಅಲ್ವಾ, ಯಾರಾದ್ರೂ ಗಮನಿಸ್ತಿದಾರೆ ಅಂದ್ರೆ ಮುಚ್ಚಿಡ್ತಿದ್ದ."

"ಭಯ ಆಗಲ್ವಾ?"

"ಭಯ ಯಾಕೆ? ನಮ್ಮಣ್ಣ."

ಅವನನ್ನು ಸಮಾಧಾನ ಮಾಡಲೆಂದೇ ಮರುದಿನ ಸಂಜೆ ನಾನು ಅಲ್ಲಿ ಹೋಗಿ ಕೂತೆ. ಅತ್ತಿಗೆಯೂ ಇದ್ದರು. ಗಂಡ ಹೋದ ಮೇಲೆ ಅವರು ದಿನಾ ಮಧ್ಯಾಹ್ನ ಮೈದುನನಿಗೆ ಬುತ್ತಿ ತಂದು, ಸಂಜೆಯವರೆಗೂ ಅಲ್ಲೇ ಮೂಲೆಯಲ್ಲಿ ಕೂತು ಹೋಗುವುದು ರೂಢಿಯಾಗಿತ್ತು. ದೀಪ ಹಾಕುವ ಹೊತ್ತು. ಚಿಕ್ಕಣ್ಣ ಬಗ್ಗಿ ಹಾಸಿಗೆಯ ಅಂಚು ಹೊಲಿಯುತ್ತಿದ್ದ. ಮೊದಲು ನನಗೇನೂ ಕೇಳಿಸಲಿಲ್ಲ. ಆಮೇಲೆ ಕೇಳಿಸಿತು. ತುಂಬ ಸಣ್ಣದು, ಬಾಗಿಲ ಸಂದಿಯಲ್ಲಿ ಗಾಳಿ ನುಸುಳಿದ ಹಾಗೆ. ಸುಂಯ್. ತಡೆದು ಮತ್ತೆ ಸುಂಯ್. ದೊಡ್ಡಣ್ಣನದೇ. ಆ ಸದ್ದನ್ನು ಅಷ್ಟು ವರ್ಷ ಕೇಳಿದ ಕಿವಿ ನನ್ನದು, ತಪ್ಪುವ ಹಾಗಿಲ್ಲ. ಗೋಡೆಗೆ ನಿಂತಿದ್ದ ಆ ಹಾಸಿಗೆಯ ಕಡೆ ನೋಡಿದೆ. ಅತ್ತಿಗೆ ಕಣ್ಣು ಮುಚ್ಚಿ ಗೋಡೆಗೆ ತಲೆ ಆನಿಸಿ ಕೂತಿದ್ದರು. ನಿದ್ದೆಯಲ್ಲ, ಬೆರಳು ಮಾತ್ರ ಸೆರಗಿನ ಅಂಚನ್ನು ಮೆಲ್ಲಗೆ ಸವರುತ್ತಿತ್ತು.

ನಾನು ಏನೋ ನೆಪ ಹೇಳಿ ಎದ್ದು ಬಂದೆ. ಆಮೇಲೆ ಎಷ್ಟೋ ದಿನ ಸಂಜೆ ನನ್ನ ಕಡೆಯ ಗೋಡೆಗೆ ಬೆನ್ನು ಮಾಡಿ ಕೂರಲು ಧೈರ್ಯವಾಗಲಿಲ್ಲ.

ನಿಜ ಗೊತ್ತಾದದ್ದು ಅಕಸ್ಮಾತ್ತಾಗಿ. ಚಿಕ್ಕಣ್ಣ ಯಾರದೋ ಮನೆಗೆ ದಿಂಬು ಕೊಟ್ಟು ಬರಲು ಹೋಗಿದ್ದ. ಅಂಗಡಿ ನೋಡಿಕೊಳ್ಳಲು ಅತ್ತಿಗೆ ಕೂತಿದ್ದರು. ಚಿಲ್ಲರೆ ಕೇಳಲು ಹೋದ ನಾನು ಹೊಸ್ತಿಲಲ್ಲೇ ನಿಂತೆ. ಹೊತ್ತು ಇಳಿದಿತ್ತು, ಸದ್ದು ಬರುವ ಸಮಯ. ಅಂಗಡಿ ಮಾತ್ರ ತಣ್ಣಗಿತ್ತು. ನಾವಿಬ್ಬರೂ ಕಿವಿಗೊಟ್ಟು ಕಾದೆವು. ಸ್ವಲ್ಪ ಹೊತ್ತಿಗೆ ಬೀದಿಯ ಏರು ಹತ್ತಿ ಚಿಕ್ಕಣ್ಣ ಬಂದ. ಅವನು ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟ, ಸಿಳ್ಳೆಯೂ ಅವನ ಜೊತೆಗೇ ಒಳಗೆ ಬಂತು.

ನಾನು ಅತ್ತಿಗೆಯ ಮುಖ ನೋಡಿದೆ. ಅವರ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಆ ಗಳಿಗೆಯಲ್ಲಿ ಅದು ನನಗೆ ಅರ್ಥವಾಗಲಿಲ್ಲ.

"ಅದು ಇವನದೇ ಎದೆ, ಅತ್ತಿಗೆ" ಎಂದೆ ಮೆಲ್ಲಗೆ, ಅವನು ಹಿತ್ತಿಲ ಕಡೆ ಹೋದ ಮೇಲೆ.

ಅವರು ಬುತ್ತಿಯ ಡಬ್ಬಿ ಎತ್ತಿಕೊಂಡರು. "ನಾಳೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ನೀವೂ ಬನ್ನಿ. ನನ್ನ ಮಾತು ಒಂದೇ ಸಲಕ್ಕೆ ಕೇಳೋ ಪೈಕಿ ಅಲ್ಲ ಇವನು" ಎಂದರು.

ಎದೆಯ ಕಾಯಿಲೆಗಳ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬೆನ್ನಿಗೆ ಕೊಳವೆ ಇಟ್ಟು ಕೇಳಿದರು, ಯಂತ್ರಕ್ಕೆ ಊದಿಸಿದರು, ಅಸ್ತಮಾ ಎಂದರು. ಅಣ್ಣನದೇ ಕಾಯಿಲೆ, ಹತ್ತಿಯ ಧೂಳು ಬೆಂಕಿಗೆ ತುಪ್ಪ ಸುರಿದ ಹಾಗೆ ಅದನ್ನು ಕೆರಳಿಸಿದೆ ಎಂದರು. ಚಿಕ್ಕಣ್ಣ ನಂಬಲಿಲ್ಲ. "ಪಾಲಿನಲ್ಲಿ ಅಣ್ಣನಿಗೆ ಬಂದದ್ದು ಎದೆ, ನಂಗೆ ಬಂದದ್ದು ಹೊಟ್ಟೆ" ಎಂದು ಹೊಟ್ಟೆ ತಟ್ಟಿಕೊಂಡ. ಕಾಯಿಲೆ ಎಷ್ಟು ಹತೋಟಿಯಲ್ಲಿದೆ ಎಂದು ಅಳೆಯಲು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಒಬ್ಬ ನರ್ಸಮ್ಮ. ಅವರ ಕನ್ನಡಕ ಸಡಿಲವಾಗಿ ಮೂಗಿನ ತುದಿಗೆ ಜಾರುತ್ತಿತ್ತು. ಕಡ್ಡಿ ಬಿಗಿ ಮಾಡಿಕೊಡಲು ನನ್ನ ಕೈ ತುರಿಸುತ್ತಿತ್ತು.

"ಐದು ಪ್ರಶ್ನೆ ಕೇಳ್ತೀನಿ" ಎಂದರು ಅವರು. "ಒಂದೊಂದಕ್ಕೂ ಐದರವರೆಗೆ ಅಂಕ, ತೊಂದರೆ ಕಮ್ಮಿ ಇದ್ದಷ್ಟೂ ಅಂಕ ಜಾಸ್ತಿ. ಕಳೆದ ನಾಲ್ಕು ವಾರದ್ದು ಮಾತ್ರ ಹೇಳಿ. ಉಸಿರಿನಿಂದಾಗಿ ಕೆಲಸಕ್ಕೆ ಅಡ್ಡಿ ಆಗಿದ್ಯಾ?"

"ಇಲ್ಲ."

"ಅಂಗಡಿ ಅಟ್ಟ ಹತ್ತಿ ಎಷ್ಟು ದಿನ ಆಯ್ತು?" ಎಂದರು ಅತ್ತಿಗೆ ಹಿಂದಿನಿಂದ.

"ಅಟ್ಟದಲ್ಲಿ ಏನಿದೆ ಅತ್ತಿಗೆ, ದಾರದ ಉಂಡೆ."

"ದಾರ ಇಲ್ದೆ ಹಾಸಿಗೆ ಹೊಲೀತೀಯಾ? ಅದನ್ನ ಈಗ ಗಿರಾಕಿಗಳ ಕೈಲಿ ಇಳಿಸ್ಕೊಳ್ತಿದೀಯ. ನಾನು ನೋಡಿಲ್ವಾ?"

ನರ್ಸಮ್ಮ ಅಂಕ ತಿದ್ದಿದರು. "ಉಸಿರು ಸಿಕ್ಕಿಹಾಕಿಕೊಂಡ ಹಾಗೆ?"

"ಏರು ಹತ್ತಿದ್ರೆ ಎಲ್ರಿಗೂ ಆಗುತ್ತೆ."

"ಏರು ಹತ್ತೋ ಎಲ್ರೂ ನಡುವೆ ನಿಂತು ಅಂಗಡಿ ಬೋರ್ಡು ಓದಲ್ಲ" ಎಂದೆ ನಾನು. ನಾಲ್ಕಾರು ತಿಂಗಳಿಂದ ಅವನು ನಮ್ಮ ಬೀದಿಯ ಬೋರ್ಡುಗಳನ್ನೆಲ್ಲ ಅಷ್ಟು ಆಸಕ್ತಿಯಿಂದ ಓದುತ್ತಿದ್ದುದು ಯಾಕೆಂದು ನನಗೂ ಹೊಳೆದದ್ದು ಆಗಲೇ.

"ಸದ್ದು, ಕೆಮ್ಮು, ಎದೆ ಬಿಗಿತ, ಇವು ನಿದ್ದೆಯಿಂದ ಎಬ್ಬಿಸಿದ್ದು ಉಂಟಾ?"

"ಚೆನ್ನಾಗಿ ಮಲಗ್ತೀನಿ."

"ನಾಲ್ಕು ದಿಂಬು ಒರಗಿಸ್ಕೊಂಡು ಕೂತು" ಎಂದರು ಅತ್ತಿಗೆ.

"ದಿಂಬಿನ ವ್ಯಾಪಾರಿ ಅತ್ತಿಗೆ ನಾನು. ಪರೀಕ್ಷೆ ಮಾಡ್ಬೇಡ್ವಾ?"

ನರ್ಸಮ್ಮ ನಕ್ಕರು, ಅಂಕ ಮಾತ್ರ ಇಳಿಸಿದರು. ತಕ್ಷಣಕ್ಕೆ ಉಸಿರು ಸರಿಮಾಡೋ ಪಂಪು ಎಷ್ಟು ಸಲ ಬಳಸ್ತೀರಿ ಎಂದಾಗ ಚಿಕ್ಕಣ್ಣ ತಡವರಿಸಿದ. ಆಮೇಲೆ ಜೇಬಿನಿಂದ ಅಣ್ಣನ ಹಳೆಯ ನೀಲಿ ಪಂಪನ್ನು ತೆಗೆದು ಮೇಜಿನ ಮೇಲಿಟ್ಟ. "ಆಗೊಂದು ಈಗೊಂದು. ಅವನದು ಅಂತ" ಎಂದ. ಅತ್ತಿಗೆ ಕಿಟಕಿಯ ಕಡೆ ತಿರುಗಿಕೊಂಡರು.

ಕೊನೆಯ ಪ್ರಶ್ನೆ ಉಳಿದಿತ್ತು: ಒಟ್ಟಿನಲ್ಲಿ ಕಾಯಿಲೆ ಎಷ್ಟು ಹತೋಟಿಯಲ್ಲಿದೆ ಅನ್ನಿಸುತ್ತೆ?

"ನಂಗೇನು ದಾಡಿ" ಎಂದ ಚಿಕ್ಕಣ್ಣ. ಹೇಳಿದ ಕೂಡಲೇ, ಬೇರೆ ಯಾರೋ ತನ್ನ ಬಾಯಿಂದ ಮಾತಾಡಿದರೇನೋ ಎಂಬಂತೆ ಬೆಚ್ಚಿದ.

ಇಪ್ಪತ್ತೈದಕ್ಕೆ ಹತ್ತು ಬಂತು. ಇಪ್ಪತ್ತಕ್ಕಿಂತ ಕೆಳಗಿದ್ದರೆ ಕಾಯಿಲೆ ಹತೋಟಿ ತಪ್ಪಿದೆ ಎಂದೇ ಲೆಕ್ಕ ಎಂದರು ನರ್ಸಮ್ಮ. "ಚೆನ್ನಾಗಿದ್ದೀರಾ ಅಂದ್ರೆ ಎಲ್ರೂ ಚೆನ್ನಾಗಿದ್ದೀನಿ ಅಂತಾರೆ. ಸುಳ್ಳಲ್ಲ, ಅವರಿಗೆ ಹಾಗೇ ಅನ್ಸುತ್ತೆ. ಕಷ್ಟ ಆಗೋದನ್ನೆಲ್ಲ ಒಂದೊಂದಾಗಿ ಬಿಟ್ಟಿರ್ತಾರೆ, ಉಳಿದಿದ್ದು ಆರಾಮಾಗಿರುತ್ತೆ. ಅದಕ್ಕೇ ಹೀಗೆ ಬಿಡಿಸಿ ಬಿಡಿಸಿ ಕೇಳೋದು." ಆಮೇಲೆ ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆ ಕೊಟ್ಟರು. ಜೋರಾಗಿ ಊದಿದರೆ ಅದರ ಪಕ್ಕದ ಮುಳ್ಳು ಮುಂದಕ್ಕೆ ಸರಿಯುತ್ತದೆ. ಚಿಕ್ಕಣ್ಣನ ಉಸಿರಿಗೆ ಮುಳ್ಳು ಅರ್ಧ ದಾರಿಗೂ ಹೋಗಲಿಲ್ಲ. ಮನೆಯಲ್ಲಿ ದಿನಾ ಊದಿ ನೋಡಿ ಎಂದರು. ನೀಲಿ ಪಂಪು ಆ ಹೊತ್ತಿಗೆ ಮಾತ್ರ, ಕಾಯಿಲೆಯನ್ನು ಒಳಗಿಂದ ಇಳಿಸುವುದು ಈ ಕಂದು ಪಂಪು, ಚೆನ್ನಾಗಿದ್ದರೂ ಬಿಡಬಾರದು ಎಂದು ಹೇಳಿ, ಹೇಗೆ ಎಳೆದುಕೊಳ್ಳಬೇಕು, ಆಮೇಲೆ ಬಾಯಿ ಹೇಗೆ ಮುಕ್ಕಳಿಸಬೇಕು ಎಂದು ತೋರಿಸಿಕೊಟ್ಟರು.

"ಈ ಕಂದು ಪಂಪನ್ನ ಅಣ್ಣನಿಗೆ ಕೊಟ್ಟಿರಲಿಲ್ಲ" ಎಂದ ಚಿಕ್ಕಣ್ಣ ಹೊರಗೆ ಬಂದು. "ಅವನನ್ನ ಯಾರೂ ಹೀಗೆ ಕೇಳಿರಲಿಲ್ಲ."

ಔಷಧ ಹಿಡಿಯಿತು. ಮುಂದಿನ ಸಲ ಅಂಕ ಏರಿತು, ಅದರ ಮುಂದಿನ ಸಲ ಇಪ್ಪತ್ತು ದಾಟಿತು. ಚಿಕ್ಕಣ್ಣ ಅಟ್ಟ ಹತ್ತಿದ, ಏರಿನಲ್ಲಿ ನಿಲ್ಲದೆ ಬಂದ. ಬೀದಿಯವರು ಮುಖದಲ್ಲಿ ಕಳೆ ಬಂತು ಎಂದರು. ಸಂಜೆ ಅಂಗಡಿಯಲ್ಲಿ ಸಿಳ್ಳೆ ನಿಂತುಹೋಯಿತು.

ಅವನು ಖುಷಿಯಾಗಿದ್ದಾನೆ ಎಂದು ನಾನು ಅಂದುಕೊಂಡಿದ್ದೆ. ಒಂದು ಸಂಜೆ ಇಣುಕಿ ನೋಡಿದರೆ, ದೀಪ ಹಾಕದೆ ಆ ನಿಲ್ಲಿಸಿಟ್ಟ ಹಾಸಿಗೆಯ ಮುಂದೆ ನೆಲದ ಮೇಲೆ ಕೂತಿದ್ದ. ಹಾಸಿಗೆಯ ಬಟ್ಟೆಗೆ ಕಿವಿ ಒತ್ತಿಕೊಂಡಿದ್ದ. ನನ್ನನ್ನು ಕಂಡು ಹೊಲಿಗೆ ಪರೀಕ್ಷೆ ಮಾಡುವವನ ಹಾಗೆ ಬೆರಳಾಡಿಸಿದ. ಸಿಳ್ಳೆ ನಿಂತಾಗಿನಿಂದ ಅತ್ತಿಗೆಯೂ ಬುತ್ತಿ ಕೊಟ್ಟು ಬೇಗ ಹೊರಡಲು ತೊಡಗಿದ್ದನ್ನು ಗಮನಿಸಿದೆ. ಅಂಗಡಿಯಲ್ಲಿ ಇಬ್ಬರೂ ಮಾತಾಡುವುದೇ ಕಡಿಮೆಯಾಯಿತು. ಮನೆಯಿಂದ ಯಾರನ್ನೋ ಎರಡನೇ ಸಲ ಹೊರಗೆ ಸಾಗಿಸಿದ ಹಾಗೆ ಇತ್ತು ಅಲ್ಲಿನ ಗಾಳಿ.

ಮತ್ತೆ ಕೆಲವು ವಾರಕ್ಕೆ ಸಿಳ್ಳೆ ಮರಳಿತು. ಅವನು ಬೋರ್ಡು ಓದುವುದೂ ಮರಳಿತು. ಔಷಧ ತಗೋತಿದ್ದೀಯಾ ಎಂದರೆ "ಓಹೋ, ತಪ್ಪದೆ" ಎನ್ನುವನು. ಆಸ್ಪತ್ರೆಗೆ ಈಗ ಒಬ್ಬನೇ ಹೋಗುತ್ತಿದ್ದ. ಐದೂ ಪ್ರಶ್ನೆಗೆ ಸರಿಯಾದ ಉತ್ತರ ಯಾವುದೆಂದು ಅವನಿಗೆ ಗೊತ್ತಾಗಿತ್ತು. ನನ್ನ ಅಂಗಡಿಗೂ ಅಂಥವರು ಬರುತ್ತಾರೆ, ಹಲಗೆಯ ಅಕ್ಷರ ಬಾಯಿಪಾಠ ಮಾಡಿಕೊಂಡು ಬಂದು ಗಡಗಡ ಹೇಳಿ, ಹೊರಗೆ ಹೋಗುವಾಗ ಬಾಗಿಲಿಗೆ ಹಣೆ ಬಡಿದುಕೊಳ್ಳುವವರು. ಆದರೆ ಊದುವ ಕೊಳವೆಯ ಮುಂದೆ ಬಾಯಿಪಾಠ ನಡೆಯಲಿಲ್ಲ. ಮುಳ್ಳು ಮತ್ತೆ ಹಿಂದೆ ಬಂದಿತ್ತು. "ಕೊಳವೆ ಕೆಟ್ಟಿದೆ" ಎಂದನಂತೆ. ನರ್ಸಮ್ಮ ಬಾಯಿಗಿಡುವ ಹೊಸ ತುದಿ ಸಿಕ್ಕಿಸಿ ತಾವೇ ಊದಿ ತೋರಿಸಿದರಂತೆ, ಮುಳ್ಳು ಜಿಗಿದು ತುದಿಯ ಹತ್ತಿರ ಹೋಯಿತಂತೆ. "ಉತ್ತರ ಒಂದು ಹೇಳುತ್ತೆ, ಉಸಿರು ಇನ್ನೊಂದು ಹೇಳುತ್ತೆ. ಮುಂದಿನ ಸಲ ಅತ್ತಿಗೇನ ಕರ್ಕೊಂಡು ಬನ್ನಿ" ಎಂದರಂತೆ. ಅವನು ಕರೆದುಕೊಂಡು ಹೋಗಲಿಲ್ಲ, ತಾನೂ ಹೋಗಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಒಂದು ದಿನ ಬೆಳಿಗ್ಗೆ ಮುದುಕಿಯೊಬ್ಬಳ ಕಣ್ಣು ಪರೀಕ್ಷೆ ಮಾಡುತ್ತಿದ್ದೆ. ಗೋಡೆಯಾಚೆ ಹಿಂಜುವ ಯಂತ್ರ ಓಡುತ್ತಲೇ ಇತ್ತು, ಹತ್ತಿ ಹಾಕುವ ಸದ್ದು ಮಾತ್ರ ಇಲ್ಲ. ಖಾಲಿ ಯಂತ್ರದ ಸದ್ದು ಬೇರೆ, ತುಂಬಿದ್ದರ ಸದ್ದು ಬೇರೆ. ಅಷ್ಟು ವರ್ಷದ ನೆರೆಹೊರೆಯಲ್ಲಿ ಅದು ಖಾಲಿ ಓಡಿದ್ದನ್ನು ನಾನು ಕೇಳಿರಲಿಲ್ಲ. ಮುದುಕಿಯನ್ನು ಹಾಗೇ ಕೂರಿಸಿ ಓಡಿದೆ.

ಚಿಕ್ಕಣ್ಣ ಹತ್ತಿಯ ರಾಶಿಯ ಪಕ್ಕ ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ ಕೂತಿದ್ದ. ಬಾಯಿ ತೆರೆದಿತ್ತು. ಕೊರಳಿನ ಗುಂಡಿ ಒಳಕ್ಕೆ ಎಳೆಯುತ್ತಿತ್ತು, ಹೆಗಲು ಏರಿ ಇಳಿಯುತ್ತಿತ್ತು, ತುಟಿ ನೀಲಿಯಾಗಿತ್ತು. ಯಂತ್ರ ನಿಲ್ಲಿಸಿದೆ. ಸಿಳ್ಳೆ ಕೇಳೀತೆಂದು ಕಾದೆ. ಏನೂ ಇಲ್ಲ. ಮೈ ಅಷ್ಟು ಒದ್ದಾಡುತ್ತಿದ್ದರೂ ಒಂದು ಎಳೆಯಷ್ಟೂ ಸದ್ದಿಲ್ಲ. ಜೇಬಿನ ನೀಲಿ ಪಂಪು ತೆಗೆದು ಬಾಯಿಗೆ ಒತ್ತಿದೆ, ಒತ್ತಿದೆ, ಒಳಗೆ ಹೋಯಿತೋ ಇಲ್ಲವೋ. ಬೀದಿಯಲ್ಲಿ ಹೋಗುತ್ತಿದ್ದ ಬಾಡಿಗೆ ಗಾಡಿಯನ್ನು ಅಡ್ಡ ನಿಂತು ನಿಲ್ಲಿಸಿದೆ. ಆಸ್ಪತ್ರೆಯವರೆಗೂ ಅವನ ಬೆನ್ನಿಗೆ ಕೈ ಕೊಟ್ಟು ಕೂರಿಸಿಕೊಂಡಿದ್ದೆ. ಅವನು ನನ್ನ ಮಣಿಕಟ್ಟು ಹಿಡಿದ ಹಿಡಿತ ಮೊದಲು ನೋಯುತ್ತಿತ್ತು, ಆಮೇಲೆ ಸಡಿಲವಾಗುತ್ತಾ ಬಂತು. ಅದು ನೋಯುತ್ತಲೇ ಇರಲಿ ಎಂದು ಬೇಡಿಕೊಂಡೆ.

ಬದುಕಿದ. ಹೇಗೆಂದು ಡಾಕ್ಟರಮ್ಮನಿಗೂ ಸ್ವಲ್ಪ ಆಶ್ಚರ್ಯವೇ. ಕೆಲವು ದಿನ ಮುಖಕ್ಕೆ ಆಮ್ಲಜನಕದ ಮುಖವಾಡ, ಕೈಗೆ ಸೂಜಿ. ಮಾತು ಬರುವಂತಾದ ದಿನ ಅತ್ತಿಗೆ ಮಂಚದ ಒಂದು ಬದಿ, ನಾನು ಇನ್ನೊಂದು ಬದಿ ಕೂತಿದ್ದೆವು. ಡಾಕ್ಟರಮ್ಮ ಬಂದು, ಕಂದು ಪಂಪು ಯಾವಾಗ ಬಿಟ್ಟಿರಿ ಎಂದು ನೇರವಾಗಿ ಕೇಳಿದರು.

ಚಿಕ್ಕಣ್ಣ ಹೊದಿಕೆಯ ಅಂಚು ಎಳೆದುಕೊಂಡು ಹೇಳಿದ: "ಅಂಗಡಿ ಸುಮ್ಮನಾಯ್ತು ಡಾಕ್ಟ್ರೇ. ಸದ್ದು ನನ್ನ ಎದೇದೇ ಅಂತ ಗೊತ್ತಿತ್ತು. ಆದ್ರೂ ಅದು ಅಣ್ಣನ ಸದ್ದೇ. ಅವತ್ತೂ ಹೀಗೇ ಸುಮ್ಮನಾಗಿತ್ತು. ನಿದ್ದೆ ಬಂತು ಅಂತ ನಾನು ಶಟರು ಇಳಿಸಿದೆ. ಈಗ ಸಂಜೆ ಆ ಸುಮ್ಮನಿರೋದು ಕೇಳಿದ್ರೆ, ಮತ್ತೆ ಶಟರು ಇಳಿಸಿ ಕೂತಿದೀನಿ ಅನ್ಸುತ್ತೆ. ತಡ್ಕೊಳ್ಳೋಕೆ ಆಗ್ಲಿಲ್ಲ."

ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಕೂತರು. "ಸಿಳ್ಳೆ ಬರಬೇಕಾದ್ರೂ ಒಳಗೆ ಗಾಳಿ ಓಡಾಡ್ಬೇಕು. ದಾರಿ ಪೂರ್ತಿ ಕಟ್ಟಿಕೊಂಡ್ರೆ ಸಿಳ್ಳೆನೂ ಬರಲ್ಲ. ದಾರಿ ಪೂರ್ತಿ ತೆರೆದಿದ್ರೂ ಬರಲ್ಲ. ಕಿವಿಗೆ ಎರಡೂ ಒಂದೇ ಥರ ಕೇಳುತ್ತೆ. ನಿಮ್ಮಣ್ಣನದ್ದು ಕಟ್ಟಿದ್ದು. ನೀವು ಔಷಧ ತಗೋತಿದ್ದಾಗ ಆಗಿದ್ದು ತೆರೆದದ್ದು. ಯಾವುದು ಯಾವುದು ಅಂತ ಕಿವಿ ಹೇಳಲ್ಲ, ಆ ಕೊಳವೆ ಹೇಳುತ್ತೆ. ಅದಕ್ಕೇ ಊದಿ ಅನ್ನೋದು."

"ಅವತ್ತು ನಾನು ಎಬ್ಬಿಸಿದ್ರೆ?"

"ಗೊತ್ತಿಲ್ಲ" ಎಂದರು ಡಾಕ್ಟರಮ್ಮ. "ಆ ಮಧ್ಯಾಹ್ನದ ಬಗ್ಗೆ ನಾನು ಏನೂ ಹೇಳಕ್ಕಾಗಲ್ಲ. ಅದಕ್ಕಿಂತ ಎಷ್ಟೋ ತಿಂಗಳು ಮೊದಲೇ ಯಾರಾದ್ರೂ ಅವರನ್ನ ಸರಿಯಾಗಿ ಕೇಳಬೇಕಿತ್ತು. ಅದು ನಮ್ಮ ಕೆಲಸ, ನಿಮ್ಮದಲ್ಲ."

ಅವರು ಹೋದ ಮೇಲೆ ಅತ್ತಿಗೆ ಮಾತಾಡಿದರು. ಮೈದುನನ ಮುಖ ನೋಡದೆ, ಹೊದಿಕೆಯ ಮಡಿಕೆ ಸರಿ ಮಾಡುತ್ತಾ.

"ನಂಗೆ ಮೊದಲ ದಿನವೇ ಗೊತ್ತಿತ್ತು ಕಣೋ. ಅಷ್ಟು ವರ್ಷ ಪಕ್ಕದಲ್ಲಿ ಮಲಗಿ ಕೇಳಿದ ಸದ್ದು. ಅದು ಯಾವ ಕಡೆಯಿಂದ ಬರ್ತಿದೆ ಅಂತ ತಿಳಿಯಲ್ವಾ? ಕನ್ನಡಕದವರು ಹೇಳೋಕೆ ಎಷ್ಟೋ ಮುಂಚೆ ನಿನ್ನನ್ನ ಕರ್ಕೊಂಡು ಬರಬಹುದಿತ್ತು. ನಾನು ಬುತ್ತಿ ನೆಪ ಮಾಡ್ಕೊಂಡು ಬಂದು ಕೂರ್ತಿದ್ದೆ. ಕಣ್ಣು ಮುಚ್ಚಿದ್ರೆ ಅವರೇ ಇದ್ದ ಹಾಗಿರ್ತಿತ್ತು. ಇವತ್ತೊಂದು ದಿನ, ನಾಳೆ ಹೇಳೋಣ ಅಂತ. ಹೀಗೇ ತಿಂಗಳು ಕಳೆದೆ."

ಚಿಕ್ಕಣ್ಣ ಅವರನ್ನೇ ನೋಡುತ್ತಿದ್ದ. ನನಗೆ ಎದ್ದು ಹೋಗಬೇಕೆನ್ನಿಸಿತು, ಏಳಲಾಗಲಿಲ್ಲ.

"ನಾನು ಒಬ್ಬರ ಉಸಿರು ನಿಂತಿದ್ದು ನೋಡಿದೀನಿ" ಎಂದರು ಅತ್ತಿಗೆ. "ಇನ್ನೊಬ್ಬರದು ನೋಡಲ್ಲ. ನಿನ್ನ ಎದೇಲಿ ಅವರನ್ನ ಇಟ್ಕೊಂಡು ಕೂರೋದು ಬೇಡ. ನಂಗೂ ಬೇಡ."

"ಹಾಗಾದ್ರೆ ಇಬ್ರೂ ಕಳ್ಳರೇ" ಎಂದ ಅವನು. ದನಿ ಹೊರಡಲಿಲ್ಲ, ತುಟಿ ಆಡಿದ್ದರಿಂದ ಗೊತ್ತಾಯಿತು. ಅತ್ತಿಗೆ ಅವನ ಪಾದದ ಮೇಲೆ ಕೈಯಿಟ್ಟು ಹಾಗೇ ಕೂತರು.

ಅಂಗಡಿಗೆ ಮರಳಿದ ಮೇಲೆ ಚಿಕ್ಕಣ್ಣ ಮೊದಲು ಮಾಡಿದ್ದು ಹಿಂಜುವ ಯಂತ್ರವನ್ನು ಮಾರಿದ್ದು. ಧೂಳು ಬಿಡದೆ ಔಷಧ ಪೂರ್ತಿ ಹಿಡಿಯುವುದಿಲ್ಲ ಎಂದಿದ್ದರು. ಈಗ ಹಿಂಜಿದ ಹತ್ತಿಯನ್ನು ಹೊರಗಡೆಯವರು ಚೀಲಕ್ಕೆ ತುಂಬಿ ಬಾಯಿ ಹೊಲಿದೇ ತಂದುಕೊಡುತ್ತಾರೆ. ಹೆಚ್ಚಿನದೆಲ್ಲ ಸ್ಪಂಜಿನ ಹಾಸಿಗೆ. ಅದಕ್ಕೆ ಬಟ್ಟೆಯ ಹೊದಿಕೆ ಹೊಲಿಯುವುದು ಅವನ ಕೆಲಸ. ಸ್ಪಂಜನ್ನು ಅವನು ಹಾಸಿಗೆ ಎಂದು ಒಪ್ಪಿಕೊಂಡೇ ಇಲ್ಲ, "ರೊಟ್ಟಿ ತುಂಡು" ಎನ್ನುತ್ತಾನೆ. ಅಣ್ಣನ ಹಾಸಿಗೆಯನ್ನು ಅತ್ತಿಗೆ ಬಿಚ್ಚಿಸಿ, ಬಟ್ಟೆ ಒಗೆಸಿ, ತಮ್ಮ ಮನೆಗೆ ತರಿಸಿಕೊಂಡರು.

ಈಗ ದಿನಾ ಬೆಳಿಗ್ಗೆ ಶಟರು ಎತ್ತಿದ ಕೂಡಲೇ ಆ ಕಡೆಯಿಂದ ಫೂ ಎಂದು ಒಂದು ಜೋರು ಸದ್ದು ಗೋಡೆ ದಾಟಿ ಬರುತ್ತದೆ. ಆಮೇಲೆ ಅವನು ಕೊಳವೆಯ ಮುಳ್ಳು ನಿಂತ ಸಂಖ್ಯೆಯನ್ನು ಕೂಗಿ ಹೇಳುತ್ತಾನೆ. ನಾನು ಈ ಕಡೆಯಿಂದ "ಸರಿ" ಎನ್ನುತ್ತೇನೆ. ಆಸ್ಪತ್ರೆಗೆ ಅತ್ತಿಗೆಯನ್ನು ಬಿಟ್ಟು ಹೋಗುವುದಿಲ್ಲ. ಅಂಕ ಇಪ್ಪತ್ತೊಂದು, ಇಪ್ಪತ್ತೆರಡು ಹೀಗೆ ನಡೆದಿದೆ. ಚಳಿಗಾಲದಲ್ಲಿ ಒಮ್ಮೆ ಇಳಿಯಿತು. ಔಷಧ ಬದಲಿಸಿದರು, ಮತ್ತೆ ಏರಿತು. ಪೂರ್ತಿ ಇಪ್ಪತ್ತೈದು ಯಾವತ್ತೂ ಬಂದಿಲ್ಲ. ಪ್ರಶ್ನೆ ಕೇಳಿದಾಗ ಅವನು ಈಗ ಮೊದಲು ಅತ್ತಿಗೆಯ ಮುಖ ನೋಡಿ, ಆಮೇಲೆ ಉತ್ತರ ಹೇಳುತ್ತಾನಂತೆ.

ಇನ್ನೊಂದು ವಿಷಯ ಬದಲಾಗಿದೆ. ಸಿಳ್ಳೆ ಇದ್ದಾಗ ಆ ಅಂಗಡಿಯಲ್ಲಿ ದೊಡ್ಡಣ್ಣನ ಮಾತು ಎತ್ತುವವರಿರಲಿಲ್ಲ. ಈಗ ಎತ್ತುತ್ತಾರೆ. ಮೊನ್ನೆ ಸಂಜೆ ನಾನೂ ಹೋಗಿ ಕೂತಿದ್ದೆ. ಗಿರಾಕಿಯೊಬ್ಬರು ಆರಿಸಿ ಹೋದ ಬಟ್ಟೆಯನ್ನು ಮಡಿಸುತ್ತಾ ಅತ್ತಿಗೆ ಇದ್ದಕ್ಕಿದ್ದಂತೆ, "ಅವರಿಗೆ ಕೆಂಪು ಯಾವುದು ಹಸಿರು ಯಾವುದು ಗೊತ್ತಾಗ್ತಿರಲಿಲ್ಲ" ಎಂದರು.

ನಾವಿಬ್ಬರೂ ತಲೆ ಎತ್ತಿದೆವು.

"ನಿಜ. ಮದುವೆಯಾದ ಹೊಸದರಲ್ಲೇ ನಂಗೆ ಗೊತ್ತಾಯ್ತು. ಯಾರಿಗೂ ಹೇಳಬೇಡ ಅಂದಿದ್ರು. ಗಿರಾಕಿ ಬಂದ್ರೆ 'ನಿಮಗೆ ಯಾವ ಬಣ್ಣ ಅನ್ಸುತ್ತೆ' ಅಂತ ಅವರ ಬಾಯಲ್ಲೇ ಹೇಳಿಸ್ತಿದ್ರು. ಎಲ್ರೂ ಎಷ್ಟು ಮರ್ಯಾದಸ್ಥ ವ್ಯಾಪಾರಿ ಅಂದ್ಕೊಂಡ್ರು."

ನನ್ನ ಬಾಯಿ ತೆರೆದೇ ಉಳಿಯಿತು. ಗೋಡೆಯ ಈ ಪಕ್ಕದಲ್ಲೇ ಕೂತು ಊರಿನ ಕಣ್ಣೆಲ್ಲ ಪರೀಕ್ಷೆ ಮಾಡಿದವನು ನಾನು. ನನ್ನ ಮುಖ ನೋಡಿ ಚಿಕ್ಕಣ್ಣ ನಗಲು ತೊಡಗಿದ. ನನ್ನ ಕಡೆ ಬೆರಳು ತೋರಿಸುತ್ತಾ, ಹೊಟ್ಟೆ ಹಿಡಿದುಕೊಂಡು ನಕ್ಕ. ಮೊದಲಾದರೆ ಅಷ್ಟು ನಕ್ಕರೆ ಕೆಮ್ಮು ಹತ್ತಿಕೊಂಡು ಅರ್ಧಕ್ಕೆ ನಿಲ್ಲುತ್ತಿತ್ತು. ಈಗ ಪೂರ್ತಿ ನಕ್ಕು ಮುಗಿಸಿದ. ಅತ್ತಿಗೆಯೂ ನಕ್ಕು ಕಣ್ಣೊರೆಸಿಕೊಂಡರು.

ನಗು ಇಳಿದ ಮೇಲೆ ಮೂವರೂ ಸುಮ್ಮನಾದೆವು. ದೀಪ ಹಾಕುವ ಹೊತ್ತು. ಚಿಕ್ಕಣ್ಣನ ಕೈ ಬಟ್ಟೆಯ ಮೇಲೆ ನಿಂತಿತ್ತು, ತಲೆ ಸ್ವಲ್ಪ ವಾಲಿತ್ತು.

"ಎಷ್ಟು ಸುಮ್ಮನಿದೆ ನೋಡಿ" ಎಂದ.

ಅದು ಸಮಾಧಾನದ ಮಾತೋ ದೂರೋ ನನಗೆ ತಿಳಿಯಲಿಲ್ಲ. ಅತ್ತಿಗೆ ಎದ್ದು ದೀಪ ಹಾಕಿದರು.